ಪೂಜೆಗೆ ಕೂತ ಕಂಪ್ಯೂಟರ್

ಆಯುಧಪೂಜೆಯ ದಿನ ಬೆಳಗ್ಗೆ ಸ್ನಾನ ಮುಗಿಸಿ ರೂಮಿಗೆ ಬಂದರೆ ಮೊಮ್ಮಗಳು ಮಂಚದ ತುದಿಯಲ್ಲಿ ಕೂತು ತನ್ನ ಕಂಪ್ಯೂಟರನ್ನು ದುರುಗುಟ್ಟಿ ನೋಡುತ್ತಿದ್ದಳು. ಮೇಜಿನ ಕೆಳಗಿನ ಗೂಡಿನಲ್ಲಿದ್ದ ಅದರ ಕರಿ ಡಬ್ಬದ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಮೇಲಿನ ಪರದೆಗೆ ಚೆಂಡುಹೂವಿನ ಸರ. ಅವಳು ಬಾಳೆಎಲೆ ತರಲು ಹೋಗಿದ್ದ ಹೊತ್ತಿನಲ್ಲಿ ನನ್ನ ಮಗ, ಅಂದರೆ ಅವಳ ಅಪ್ಪ, ಬಂದು ಪೂಜೆ ಮುಗಿಸಿ ಹೋಗಿದ್ದ.

“ಅಜ್ಜಿ, ನಾಲ್ಕು ಗಂಟೆಗೆ ನನ್ನ ಟ್ರಯಲ್ ಇದೆ. ಇವತ್ತೆಲ್ಲ ಇದನ್ನ ಮುಟ್ಟೋ ಹಾಗಿಲ್ವಂತೆ.”

“ಯಾರು ಹೇಳಿದ್ದು?”

“ಇನ್ಯಾರು.”

ಮಗನಿಗೆ ಕಾಮಾಕ್ಷಿಪಾಳ್ಯದಲ್ಲಿ ಒಂದು ಲೇತ್ ವರ್ಕ್‌ಶಾಪ್ ಇದೆ. ಅಲ್ಲಿ ಪೂಜೆ ಆದ ಮೆಷಿನ್ನನ್ನು ಮಾರನೆಯ ದಿನದ ತನಕ ಯಾರೂ ಚಾಲೂ ಮಾಡುವುದಿಲ್ಲ. ವರ್ಷವೆಲ್ಲ ದುಡಿದ ಕಬ್ಬಿಣಕ್ಕೆ ಒಂದು ದಿನ ರಜೆ. ಅದು ಸರಿ. ಆದರೆ ಆ ಕಾನೂನನ್ನು ಅವನು ಬಸವೇಶ್ವರನಗರದ ಮನೆಗೂ ಹೊತ್ತು ತಂದಿದ್ದ.

ಮೊಮ್ಮಗಳ ಆಟ ಏನು ಎಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಈ ಕಡೆ ಐದು ಜನ, ಆ ಕಡೆ ಐದು ಜನ, ಬಂದೂಕು ಹಿಡಿದುಕೊಂಡು ಗೋಡೆಯ ಮರೆಯಲ್ಲಿ ಓಡಾಡುತ್ತಾರೆ. ಒಬ್ಬ ಪುಣೆಯಲ್ಲಿರುತ್ತಾನೆ, ಒಬ್ಬ ಕೊಚ್ಚಿಯಲ್ಲಿ. ಕಿವಿಗೆ ಹಾಕಿಕೊಂಡ ಮೈಕಿನಲ್ಲಿ ಮಾತಾಡಿಕೊಳ್ಳುತ್ತಾರೆ. ಅವಳು ಕಾಲೇಜು ಬಿಟ್ಟು ಬಂದ ಮೇಲೆ ಊಟ ತಿಂಡಿ ಬಿಟ್ಟಾದರೂ ಇದನ್ನು ಆಡುತ್ತಿದ್ದಳು. ಒಂದು ಒಳ್ಳೆಯ ತಂಡದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅದಕ್ಕೆ ಇವಳು ಮತ್ತು ಇನ್ನೊಬ್ಬ ಹುಡುಗ. ಇಬ್ಬರನ್ನೂ ಆಡಿಸಿ ನೋಡಿ, ಅವತ್ತೇ ಒಬ್ಬರನ್ನು ತೆಗೆದುಕೊಳ್ಳುವುದು ಎಂದಾಗಿತ್ತು. ಇದು ನನಗೊಬ್ಬಳಿಗೇ ಗೊತ್ತಿತ್ತು, ಏಕೆಂದರೆ ಅವಳ ಮಂಚದ ಪಕ್ಕದಲ್ಲೇ ನನ್ನ ಮಂಚ.

ಆಟ ಆಡುವಾಗ ಪರದೆಯ ಮೂಲೆಯಲ್ಲಿ ಒಂದು ನಂಬರು ಕಾಣುತ್ತದೆ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬದಲಾಗುತ್ತವೆ ಎಂಬುದರ ಲೆಕ್ಕ ಅದು. ಜಾಸ್ತಿ ಇದ್ದರೆ ಆಟ ನೀರಿನಂತೆ ಹರಿಯುತ್ತದೆ. ಕಡಿಮೆಯಾದರೆ ತಡವರಿಸುತ್ತದೆ, ಶತ್ರು ಕಣ್ಣಿಗೆ ಬೀಳುವಷ್ಟರಲ್ಲಿ ಇವಳು ಸತ್ತಿರುತ್ತಾಳೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೂ ಅಂಕಿ ಓದುತ್ತೇನೆ. ಆ ನಂಬರು ಯಾವಾಗಲೂ ನೂರನಲವತ್ತರ ಮೇಲಿರುತ್ತಿತ್ತು. ಪೂಜೆಗೆ ಎರಡು ದಿನ ಮೊದಲು ಇದ್ದಕ್ಕಿದ್ದಂತೆ ಮೂವತ್ತಕ್ಕೆ ಇಳಿದು ಕೂತಿತು.

ಆಗಿನಿಂದ ಮನೆಯಲ್ಲಿ ಒಬ್ಬರಿಗೂ ನೆಮ್ಮದಿ ಇರಲಿಲ್ಲ. ಅವಳು ಆಟವನ್ನು ಅಳಿಸಿ ಮತ್ತೆ ಹಾಕಿದಳು. ಡ್ರೈವರ್ ಅಂತ ಒಂದಿದೆಯಂತೆ, ಅದನ್ನು ತೆಗೆದು ಹೊಸದು ಹಾಕಿದಳು. ಬೆಳಕು ನೆರಳು ಎಲ್ಲ ಕಡಿಮೆ ಮಾಡಿದಳು. ಪರದೆಯ ಮೇಲಿನ ಮನುಷ್ಯರು ಮಣ್ಣಿನ ಗೊಂಬೆಗಳಂತೆ ಕಂಡರೇ ಹೊರತು ನಂಬರು ಏರಲಿಲ್ಲ. ಡಬ್ಬವನ್ನು ಗೂಡಿನಿಂದ ಅರ್ಧ ಎಳೆದು, ಪಕ್ಕದ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟು ನೋಡಿದಳು. ಚಿತ್ರ ತಯಾರು ಮಾಡುವುದಕ್ಕೇ ಬೇರೆ ಒಂದು ದಪ್ಪ ಕಾರ್ಡು ಇದೆ ಒಳಗೆ, ಗ್ರಾಫಿಕ್ಸ್ ಕಾರ್ಡು. ಅದರ ಫ್ಯಾನು ತಿರುಗುತ್ತಿರಲಿಲ್ಲ.

ಫೋನಿನಲ್ಲಿ ಸ್ನೇಹಿತನಿಗೆ ತೋರಿಸಿದಳು. ಅವನು ಅತ್ತ ಕಡೆಯಿಂದ ತಣ್ಣಗೆ ಅಂದ: “ಕಾರ್ಡ್ ಹೋಗಿರ್ಬೇಕು ಮಗಾ. ಫ್ಯಾನ್ ತಿರುಗ್ತಿಲ್ಲ ಅಂದ್ಮೇಲೆ ಮುಗೀತು.”

“ಹೆಂಗೆ ಹೋಗತ್ತೋ, ಮೊನ್ನೆ ತನಕ ಚೆನ್ನಾಗಿತ್ತು.”

“ಯಾರಾದ್ರೂ ಮುಟ್ಟಿದ್ರಾ?”

ಅಲ್ಲಿಗೆ ಬೆಂಕಿ ಹತ್ತಿತು. ಮುಟ್ಟಿದ್ದವನು ಅವಳ ಅಪ್ಪ. ಹಬ್ಬದ ಕ್ಲೀನಿಂಗ್ ಎಂದು ಅವನು ವರ್ಕ್‌ಶಾಪಿನಿಂದ ಗಾಳಿ ಊದುವ ಬ್ಲೋವರ್ ತಂದು, ಅವಳು ಕಾಲೇಜಿಗೆ ಹೋಗಿದ್ದಾಗ ಕಂಪ್ಯೂಟರಿನ ವೈರುಗಳನ್ನೆಲ್ಲ ಬಿಚ್ಚಿ, ಡಬ್ಬವನ್ನು ಬಾಲ್ಕನಿಗೆ ಒಯ್ದು ಧೂಳು ಊದಿದ್ದ. ಒಂದೊಂದು ವೈರನ್ನೂ ಬಟ್ಟೆಯಲ್ಲಿ ಒರೆಸಿ ಮತ್ತೆ ಜೋಡಿಸಿದ್ದ. ಅಷ್ಟು ಮುತುವರ್ಜಿ ಅವನು ಹೆಂಡತಿಯ ಅಲಮಾರಿಯ ಮೇಲೂ ತೋರಿಸಿದವನಲ್ಲ. ಫೋನ್ ಇಟ್ಟ ಮಗಳು ಹೊರಗೆ ಬಂದು, ಖುಷಿಪಡುವುದು ಬಿಟ್ಟು, “ನೀವು ಫ್ಯಾನ್ ಮುರಿದು ಹಾಕಿದೀರ” ಅಂದಳು.

“ಧೂಳು ತೆಗೆದಿದ್ದು ತಪ್ಪಾ? ಇಪ್ಪತ್ತು ವರ್ಷದಿಂದ ಮೆಷಿನ್ ಕ್ಲೀನ್ ಮಾಡ್ತಾ ಇದೀನಿ.”

“ಅದು ಲೇತ್ ಅಪ್ಪ. ಇದು ಲೇತ್ ಅಲ್ಲ.”

“ಹಾಗಾದ್ರೆ ಇನ್ಮೇಲೆ ನೀನೇ ಒರೆಸ್ಕೋ.”

ಅಷ್ಟೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅನ್ನಕ್ಕೆ ಸಾರು ಬೇಕಾದರೂ ನನ್ನ ಮೂಲಕ ಕೇಳುತ್ತಿದ್ದರು. ನಾನೇನು ಟಪಾಲಿನವಳಾ ಎಂದು ಒಂದು ಸಲ ಗದರಿಸಿದೆ. ಪ್ರಯೋಜನವಾಗಲಿಲ್ಲ.

ಆಯುಧಪೂಜೆಯ ದಿನ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಬೀದಿಯಲ್ಲಿ ಆಟೋಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು, ಸರ್ಕಲ್ಲಿನಲ್ಲಿ ಒಡೆದ ಬೂದುಗುಂಬಳದ ಮೇಲೆ ಸ್ಕೂಟರುಗಳು ಜಾರುತ್ತಿದ್ದವು. ಯಾರ್ಯಾರೋ ಕಡ್ಲೆಪುರಿ ಪೊಟ್ಟಣ ತಂದು ಕೊಟ್ಟು ಹೋಗುತ್ತಿದ್ದರು. ಬಾಗಿಲು ತೆಗೆ, ಬಾಗಿಲು ಹಾಕು. ರೂಮಿನಲ್ಲಿ ಮೊಮ್ಮಗಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಗಾಗಿತ್ತು. ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಗೆ ಫೋನ್ ಮಾಡಿದಳು. ಅವನು, “ಮೇಡಂ, ನಾವೂ ಎಲ್ಲಾ ಪೂಜೆ ಮಾಡ್ಬಿಟ್ಟು ಶಟರ್ ಎಳ್ದಿದೀವಿ. ಹಬ್ಬ ಆದ್ಮೇಲೆ ಬನ್ನಿ” ಎಂದು ಇಟ್ಟುಬಿಟ್ಟ.

“ಕೂತ್ಕೊಳೇ, ತಲೆ ತಿರುಗ್ತಾ ಇದೆ ನಂಗೆ” ಅಂದೆ.

“ನೀನು ಯಾಕೆ ನೋಡ್ತೀಯ ಅಜ್ಜಿ, ಆ ಕಡೆ ತಿರುಗ್ಕೋ.”

“ಆ ಕಡೆ ತಿರುಗಿದ್ರೆ ನಿನ್ ಚಪ್ಪಲಿ ಸದ್ದು ಕೇಳತ್ತೆ.”

ಅವಳು ಚಪ್ಪಲಿ ಬಿಟ್ಟು ಓಡಾಡಿದಳು. ಅದು ಇನ್ನೂ ಕಷ್ಟವಾಯಿತು. ಸದ್ದಿಲ್ಲದೆ ಓಡಾಡುವವರನ್ನು ನಾನು ತಡೆಯಲಾರೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಎಲೆಯಲ್ಲಿ ಒಬ್ಬಟ್ಟು ಹಾಗೇ ಇತ್ತು. ಮಗ ತುಪ್ಪ ಬಡಿಸಿಕೊಂಡು ಎರಡನೆಯದಕ್ಕೆ ಕೈ ಹಾಕಿದ್ದ. ಆಗ ನಾನು ಅವನಿಗೆ ಹೇಳಿದೆ, “ಅವಳಿಗೆ ನಾಲ್ಕು ಗಂಟೆಗೆ ಒಂದು ಪರೀಕ್ಷೆ ಇದೆ. ಆಟದ್ದು. ಅದಕ್ಕೆ ಆ ಮೆಷಿನ್ನು ಬೇಕು.” ಅವಳು ನನ್ನನ್ನು ಕೊಲ್ಲುವ ಹಾಗೆ ನೋಡಿದಳು. ನೋಡಲಿ ಎಂದುಕೊಂಡು ಮುಂದುವರಿದು, ಒಂದೇ ಜಾಗ ಇರುವುದು, ಇವತ್ತು ಆಡದಿದ್ದರೆ ಅದು ಬೇರೆಯವನಿಗೆ ಹೋಗುತ್ತದೆ ಎಂಬುದನ್ನೂ ಹೇಳಿದೆ.

“ಅಮ್ಮ, ಶಾಸ್ತ್ರ ಅಂದ್ರೆ ಶಾಸ್ತ್ರ. ಪೂಜೆ ಮಾಡಿದ್ಮೇಲೆ ಮುಟ್ಟಬಾರದು.”

“ಫ್ರಿಡ್ಜ್‌ಗೂ ಕುಂಕುಮ ಇಟ್ಟಿದೀಯ. ಆಫ್ ಮಾಡಿದೀಯಾ?”

“ಅದು ಬೇರೆ.”

“ಮಿಕ್ಸಿಗೂ ಇಟ್ಟಿದೀಯ. ನೀನು ಈಗ ನುಂಗ್ತಾ ಇರೋ ಹೂರಣ ಎಲ್ಲಿ ರುಬ್ಬಿದ್ದು?”

ಸೊಸೆ ಸೌಟು ಹಿಡಿದುಕೊಂಡೇ, “ಅತ್ತೆ, ನನ್ ಮಿಕ್ಸಿ ಸುದ್ದಿಗೆ ಬರ್ಬೇಡಿ” ಅಂದಳು. ಅವಳಿಗೆ ನಗು ಬಂದಿತ್ತು.

“ಬರಲ್ಲ. ನಿನ್ ಗಂಡನ ಮೊಬೈಲ್ ಸುದ್ದಿಗೆ ಬರ್ತೀನಿ. ಅದರ ಬೆನ್ನ ಮೇಲೂ ಕುಂಕುಮ ಇದೆ. ಬೆಳಗ್ಗೆಯಿಂದ ಅದನ್ನ ಕಿವಿಯಿಂದ ಇಳಿಸಿಲ್ಲ ಇವನು. ಸ್ಕೂಟರ್ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಬೇಕರಿ ತನಕ ಹೋಗಿ ಬಂದ.”

“ಗಾಡಿ ಒಂದು ರೌಂಡು ಹೋಗ್ಲೇಬೇಕಮ್ಮ. ಅದು ಪದ್ಧತಿ.”

“ಸರಿ ಹಾಗಾದ್ರೆ. ಇದೂ ಒಂದು ರೌಂಡು ಹೋಗ್ಲಿ.”

ಅವನು ಬಾಯಲ್ಲಿದ್ದುದನ್ನು ನುಂಗಿ ನೀರು ಕುಡಿದ. ಸೋಲು ಒಪ್ಪಿಕೊಳ್ಳುವ ಮನುಷ್ಯನಲ್ಲ. “ಹೋಗ್ಲಿ ಬಿಡು. ಹೆಂಗಿದ್ರೂ ಕೆಟ್ಟಿದೆಯಲ್ಲ, ಯಾವ ರೌಂಡು ಹೋಗತ್ತೆ” ಎಂದು ಗೊಣಗಿದ.

“ಕೆಡಿಸಿದ್ದು ಯಾರು?” ಮೊಮ್ಮಗಳು ಎಲೆ ಬಿಟ್ಟು ಎದ್ದಳು.

“ನೋಡಮ್ಮ, ಮತ್ತೆ ಶುರು ಮಾಡಿದ್ಲು.”

ನನಗೆ ಸಾಕಾಗಿತ್ತು. ಎರಡು ದಿನದಿಂದ ಅವಳು ಕಾಣದ ಊರಿನವರನ್ನೆಲ್ಲ ಕೇಳಿದ್ದಳು, ವೀಡಿಯೋಗಳನ್ನೆಲ್ಲ ನೋಡಿದ್ದಳು. ಬಿಚ್ಚಿ ಜೋಡಿಸಿದವನನ್ನು ಮಾತ್ರ ಏನು ಮಾಡಿದೆ ಎಂದು ಕೇಳಿರಲಿಲ್ಲ. ಇವನೂ ಹೇಳಿರಲಿಲ್ಲ. ಕೈ ತೊಳೆದುಕೊಂಡು ರೂಮಿಗೆ ಬನ್ನಿ ಎಂದು ಇಬ್ಬರಿಗೂ ಹೇಳಿದೆ. ಬಂದರು. ಡಬ್ಬವನ್ನು ಗೂಡಿನಿಂದ ಪೂರ್ತಿ ಹೊರಗೆ ಎಳೆಸಿದೆ. “ಮೊನ್ನೆ ಏನೇನು ಬಿಚ್ಚಿದೆ, ಏನೇನು ಎಲ್ಲೆಲ್ಲಿ ಹಾಕಿದೆ, ಮಾಡಿ ತೋರಿಸು” ಎಂದೆ ಮಗನಿಗೆ. ಮೊಮ್ಮಗಳಿಗೆ, “ನೀನು ಬಾಯಿ ಮುಚ್ಕೊಂಡು ನೋಡು” ಎಂದೆ.

ಮಗ ಪಂಚೆ ಎತ್ತಿ ಕಟ್ಟಿಕೊಂಡು ಡಬ್ಬದ ಹಿಂದೆ ಕುಕ್ಕರಗಾಲಲ್ಲಿ ಕೂತ. ಮೊದಮೊದಲು ಸಿಡುಕುತ್ತಲೇ ಹೇಳಿದ. ಇದು ಕರೆಂಟಿನ ವೈರು, ಇಲ್ಲಿ ಬಿಟ್ಟು ಬೇರೆಲ್ಲೂ ಹೋಗಲ್ಲ. ಇದು ಮೌಸು. ಇದು ಕೀಬೋರ್ಡು. ಇದು ಇಂಟರ್ನೆಟ್ಟು, ಹಾಕಿದರೆ ಟಕ್ ಅನ್ನುತ್ತೆ. “ಇದು ಪರದೆಯಿಂದ ಬರೋದು. ಇದಕ್ಕೆ ಎರಡು ಕಡೆ ಜಾಗ ಇತ್ತು. ಮೇಲೊಂದು, ಕೆಳಗೊಂದು. ಎರಡೂ ಒಂದೇ ತರ ತೂತು. ಗೂಡಿನೊಳಗೆ ಕೆಳಗಿಂದು ಸರಿಯಾಗಿ ಕಾಣ್ತಿರಲಿಲ್ಲ, ಮೇಲಿಂದು ಸಲೀಸಾಗಿ ಕೂತ್ಕೊಳ್ತು. ಹಾಕ್ದೆ. ಪರದೆ ಹತ್ತಿಕೊಳ್ತು.”

ಮೊಮ್ಮಗಳು ಅವನ ಪಕ್ಕದಲ್ಲಿ ಮೊಳಕಾಲೂರಿ ಕೂತು, ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ನನಗನ್ನಿಸಿತು. ಆಮೇಲೆ ಆ ವೈರನ್ನು ಮೇಲಿನ ತೂತಿನಿಂದ ಕಿತ್ತು ಕೆಳಗಿನದಕ್ಕೆ ಚುಚ್ಚಿದಳು.

“ಕೆಳಗಿಂದು ಕಾರ್ಡಿಂದು ಅಪ್ಪ. ಮೇಲಿಂದು ಕಂಪ್ಯೂಟರಿನ ಮಾಮೂಲಿ ಬೋರ್ಡಿಂದು. ಮೇಲೆ ಹಾಕಿದ್ರೂ ಚಿತ್ರ ಬರತ್ತೆ, ಕಾರ್ಡಿಗೆ ಮಾತ್ರ ಕೆಲಸ ಇರಲ್ಲ. ಕೆಲಸ ಇಲ್ದೆ ತಣ್ಣಗಿದ್ರೆ ಅದರ ಫ್ಯಾನ್ ತಿರುಗಲ್ಲ.”

“ಮತ್ತೆ ನಾನು ಮುರಿದೆ ಅಂದ್ಯಲ್ಲ.”

“ಅಂದೆ.”

“ಎರಡು ದಿನದಿಂದ ಮುಚ್ಚಳ ತೆಗೆದು ಒಳಗೆಲ್ಲ ನೋಡಿದೀಯ. ಹಿಂದೆ ನೋಡೋಕೇನಾಗಿತ್ತು?”

“ಹಿಂದೆ ನೀವೇ ಹಾಕಿದ್ರಲ್ಲ, ಸರಿಯಾಗೇ ಹಾಕಿರ್ತೀರ ಅಂದ್ಕೊಂಡೆ.”

ಇದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಬೇಕೋ ಬೈಗುಳ ಎಂದೋ ಅವನಿಗೆ ಗೊತ್ತಾಗಲಿಲ್ಲ. ಎದ್ದು ಪಂಚೆ ಕೊಡವಿದ. ಅವಳು ಪರದೆಯ ಮೇಲಿನ ಹೂವಿನ ಸರವನ್ನು ತೆಗೆದು ನನ್ನ ಕೈಗೆ ಕೊಟ್ಟು ಸ್ವಿಚ್ಚು ಹಾಕಿದಳು. ಆಟ ತೆರೆಯಿತು. ಮೂಲೆಯಲ್ಲಿ ನಂಬರು ಮೇಲೆ ಕೆಳಗೆ ಕುಣಿದು ನೂರನಲವತ್ತೆರಡಕ್ಕೆ ನಿಂತಿತು. ಡಬ್ಬದೊಳಗೆ ಫ್ಯಾನು ಬುಸುಗುಟ್ಟಲು ಶುರುವಾಯಿತು. ಮಗ ಬಾಗಿಲ ಹತ್ತಿರ ನಿಂತು, “ಸ್ಪೀಡ್ ಬಂತಾ?” ಅಂದ. “ಬಂತು” ಅಂದಳು. ಎರಡು ದಿನಗಳಲ್ಲಿ ಅವರು ಜಗಳವಿಲ್ಲದೆ ಆಡಿದ ಮೊದಲ ಮಾತು ಅದು.

ಈಗ ಎಲ್ಲ ಸರಿಯಾಯಿತು, ಇನ್ನು ಸಮಾಧಾನವಾಗಿರುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ. ಮೊದಲಿಗಿಂತ ಹೆಚ್ಚು ಚಡಪಡಿಸಿದಳು. ಕುರ್ಚಿ ಎತ್ತರಿಸಿದಳು, ಇಳಿಸಿದಳು. ಅಂಗೈ ಬೆವರನ್ನು ಚೂಡಿದಾರಕ್ಕೆ ಒರೆಸಿಕೊಂಡಳು. ನಾನು ಯಾಕೆ ಎಂದು ಕೇಳಿದ್ದಕ್ಕೆ, “ಇಷ್ಟು ಹೊತ್ತು ಸೋತ್ರೆ ಕಂಪ್ಯೂಟರಿಂದ ಸೋತೆ ಅನ್ಬೋದಿತ್ತು ಅಜ್ಜಿ” ಅಂದಳು.

ನಾಲ್ಕಕ್ಕೆ ಶುರುವಾದದ್ದು ಆರರವರೆಗೂ ನಡೆಯಿತು. ನಾನು ಮಂಚದ ಮೇಲೆ ಮಲಗಿ ಗೋಡೆ ಕಡೆ ತಿರುಗಿಕೊಂಡೆ, ಮತ್ತೆ ಈ ಕಡೆ ತಿರುಗಿಕೊಂಡೆ. ಅವಳು ಹಿಂದಿಯಲ್ಲಿ ಇಂಗ್ಲಿಷಿನಲ್ಲಿ ಚುರುಕಾಗಿ ಏನೇನೋ ಹೇಳುತ್ತಿದ್ದಳು. ಮೌಸು ಟಕಟಕ ಅನ್ನುತ್ತಿತ್ತು. ಮಗ ನೆಪ ಹುಡುಕಿಕೊಂಡು ರೂಮಿಗೆ ಬರುತ್ತಿದ್ದ. ಒಂದು ಸಲ ನನ್ನ ಮಾತ್ರೆ ಆಯಿತಾ ಎಂದು ಕೇಳಲು ಬಂದ, ಇನ್ನೊಂದು ಸಲ ಕಿಟಕಿ ಹಾಕಲು ಬಂದ. ಕಿಟಕಿ ಹಾಕಿಯೇ ಇತ್ತು.

ಆರು ಗಂಟೆಗೆ ಅವಳು ಕಿವಿಯಿಂದ ಮೈಕನ್ನು ತೆಗೆದು ಕುತ್ತಿಗೆಗೆ ಇಳಿಸಿಕೊಂಡಳು.

“ಯಾರನ್ನ ತಗೊಂಡ್ರು?” ಮಗನೇ ಕೇಳಿದ್ದು.

“ಅವನನ್ನ. ಚೆನ್ನಾಗಿ ಆಡ್ದ. ಎರಡು ದಿನ ಪ್ರಾಕ್ಟೀಸ್ ಇಲ್ದೆ ನನ್ ಕೈ ನಿಧಾನ ಆಗಿತ್ತು. ನನ್ನ ಆರನೆಯವಳು ಅಂತ ಇಟ್ಕೊಂಡಿದಾರೆ. ಭಾನುವಾರ ಮ್ಯಾಚು. ಐದು ಜನದಲ್ಲಿ ಯಾರಾದ್ರೂ ಬರಲಿಲ್ಲ ಅಂದ್ರೆ ಕರೀತಾರೆ.”

“ನನ್ನಿಂದ ಎರಡು ದಿನ ಹೋಯ್ತು” ಅಂದ ಮಗ.

“ಹೋಯ್ತು” ಅಂದಳು. ಪರವಾಗಿಲ್ಲ ಅನ್ನಲಿಲ್ಲ. ಅವನೂ ಅದನ್ನು ಕಾಯುತ್ತ ನಿಲ್ಲಲಿಲ್ಲ. ಹೋಗಿ ಒಬ್ಬಟ್ಟು ತುಪ್ಪ ತಟ್ಟೆಗೆ ಹಾಕಿಕೊಂಡು ಬಂದು ಅವಳ ಕೀಬೋರ್ಡಿನ ಪಕ್ಕ ಇಟ್ಟ. ಒಂದು ರೌಂಡು ಮುಗಿಯಿತು, ಇನ್ನು ಮೆಷಿನ್ ಮುಚ್ಚು ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಅವಳು ಎಡಗೈಯಲ್ಲಿ ಒಬ್ಬಟ್ಟು ಮುರಿದು ಬಾಯಿಗೆ ಹಾಕಿಕೊಂಡು, ಬಲಗೈಯಲ್ಲಿ ಮತ್ತೆ ಆಟ ಶುರು ಮಾಡಿದಳು. ಭಾನುವಾರಕ್ಕೆ ಇನ್ನೂ ದಿನಗಳಿದ್ದವು. ಹಬ್ಬದ ಕಾಲ, ಎಲ್ಲರ ಮನೆಯಲ್ಲೂ ಸಿಹಿ ಮಾಡಿರುತ್ತಾರೆ. ಆ ಐವರಲ್ಲಿ ಒಬ್ಬನಿಗಾದರೂ ತಿಂದದ್ದು ಹೆಚ್ಚಾಗಿ ಹೊಟ್ಟೆ ಕೆಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಬಹಳ ಏನೂ ಬೇಡ, ಆ ಭಾನುವಾರ ಒಂದು ದಿನದ ಮಟ್ಟಿಗೆ.