ಮುಳುಗಿದ ಬಾತು

ತಾಂಡ್ಯದ ಕಾರ್ಖಾನೆಯಲ್ಲಿ ಶಿವಸ್ವಾಮಿಗೆ ರಾತ್ರಿ ಪಾಳಿ. ಬೆಳಿಗ್ಗೆ ಬಿಟ್ಟ ಮೇಲೆ ಮಿಕ್ಕವರೆಲ್ಲ ಮನೆಗೆ ಹೋಗಿ ಮುಸುಕೆಳೆದುಕೊಂಡರೆ, ಈ ಪುಣ್ಯಾತ್ಮ ಊರ ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ಕೂರುತ್ತಾನೆ. "ನಿದ್ದೆಗೆಟ್ಟು ಕೊಕ್ಕರೆ ಕಾಯೋಕೆ ನಿಮ್ಗೇನ್ ಬಂದಿರೋದು?" ಎಂದು ಹೆಂಡತಿ ಪವಿತ್ರಾ ಕೇಳಿ ಕೇಳಿ ಸುಸ್ತಾಗಿದ್ದಳು. ಯಂತ್ರದ ಸದ್ದು ಕಿವಿಯಿಂದ ಇಳಿಯುವವರೆಗೆ ಸುಮ್ಮನೆ ಕೂರಲು ಅವನಿಗೆ ಬೇರೆ ಜಾಗವಿರಲಿಲ್ಲ, ಅಷ್ಟೆ.

ಮೊನ್ನೆ ಆ ಕೆರೆಯಲ್ಲೊಂದು ಬಿಳಿ ಮೋರೆಯ ಪುಟ್ಟ ಬಾತು ಕಂಡಿತು. ನೋಡುತ್ತಿದ್ದಂತೆ ಮಾಯವಾಗಿ, ಎಷ್ಟೋ ಹೊತ್ತಿನ ಮೇಲೆ ಇನ್ನೆಲ್ಲೋ ಎದ್ದಿತು. ಶಿವಸ್ವಾಮಿ ದಡಕ್ಕನೆ ಎದ್ದು ನಿಂತ. ಮುಳುಗುವ ಬಿಳಿ ಬಾತು ಎಂದರೆ ಸ್ಮ್ಯೂ! ಹಿಮದ ಸೀಮೆಯ ಕಡಲಬಾತುಗಳ ಕುಲದ ಹಕ್ಕಿ, ನಂಜನಗೂಡಿನ ಕಡೆ ಯಾರೂ ಕಂಡದ್ದಲ್ಲ. ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟ. ಆ ಗುಂಪಿನಲ್ಲಿ ಅವನ ಮಾತಿಗೆ ಒಂದು ಹೆಬ್ಬೆಟ್ಟಿನ ಗುರುತು ಬಿದ್ದರೆ ಹೆಚ್ಚು. ಒಂದೇ ಒಂದು ಸಲ 'ಇದನ್ನು ಮೊದಲು ಕಂಡವನು ಶಿವಸ್ವಾಮಿ' ಅನ್ನಿಸಿಕೊಳ್ಳುವ ಆಸೆ ಅವನಿಗೆ.

ಮಾರನೆಯ ಬೆಳಿಗ್ಗೆಯೇ ಟಿ. ನರಸೀಪುರದಿಂದ ಸುಚೇತಾ ಮೇಡಂ ಬಂದಿಳಿದರು. ನಿವೃತ್ತ ಉಪಾಧ್ಯಾಯಿನಿ, ಗುಂಪಿನಲ್ಲಿ ಅವರದೇ ಕೊನೆಯ ಮಾತು. ಬಾತು ತಾವರೆ ಎಲೆಗಳ ಆಚೆ, ಬಿಸಿಲಿಗೆ ಎದುರಾಗಿ ತೇಲುತ್ತಿತ್ತು.

"ನಮ್ಮ ಕೆರೆಗಳ ಕಾಟನ್ ಟೀಲ್ ಬಾತೂ ದೂರಕ್ಕೆ ಹೀಗೇ ಕಾಣುತ್ತೆ ಶಿವಸ್ವಾಮಿ. ಆದರೆ ಅದು ನೀರಿನ ಮೇಲೇ ಮೇಯುತ್ತೆ. ಸ್ಮ್ಯೂ ಮುಳುಗಿ ಮೀನು ಹಿಡಿಯುತ್ತೆ. ಮುಳುಗಿದ್ದು ನೀವು ನೋಡಿದ್ರಾ?"

"ನನ್ ಕಣ್ಣಾರೆ ನೋಡ್ದೆ ಮೇಡಮ್ಮೋರೆ."

ಇಬ್ಬರೂ ಕಾದು ಕೂತರು. ಬಿಸಿಲು ಹಿತವಾಗಿತ್ತು. ರಾತ್ರಿಯೆಲ್ಲ ನಿಂತ ಕಾಲು ಜೋಮು ಹಿಡಿದಿತ್ತು. ಬಾತು ಅಲ್ಲೇ ಇತ್ತು, ಅಲ್ಲೇ ಇತ್ತು, ಇದ್ದಕ್ಕಿದ್ದಂತೆ ಇರಲಿಲ್ಲ.

"ನೋಡಿ ಮೇಡಮ್ಮೋರೆ, ಮುಳುಗ್ತು!"

ಸುಚೇತಾ ತಮ್ಮ ದುರ್ಬೀನು ಇಳಿಸಿ ಅವನನ್ನೇ ನೋಡಿದರು.

"ಇಲ್ಲಪ್ಪ. ಅದು ಈಜಿಕೊಂಡು ಎಲೆ ಹಿಂದಕ್ಕೆ ಹೋಯ್ತು. ನೀವು ತೂಕಡಿಸ್ತಿದ್ರಿ."

ಅಷ್ಟರಲ್ಲಿ ತಾವರೆ ಎಲೆಯ ಇನ್ನೊಂದು ಮಗ್ಗುಲಿಂದ ಬಾತು ಹೊರಗೆ ಬಂತು. ತಲೆ ಒಣಗಿತ್ತು, ಬೆನ್ನು ಒಣಗಿತ್ತು. ಶಿವಸ್ವಾಮಿ ಬಹಳ ಹೊತ್ತು ಅದನ್ನೇ ನೋಡಿದ. ಅವಮಾನಕ್ಕಿಂತ ಹೆಚ್ಚಾಗಿ, ತಾನೆಷ್ಟು ದಣಿದಿದ್ದೇನೆಂದು ತಿಳಿದು ಅವನಿಗೆ ಅಳು ಬಂತು.

"ಅಂಗಾರೆ ನಿನ್ನೆನೂವೆ ಮುಳುಗ್ದೋನು ನಾನೇ ಅನ್ನಿ," ಎಂದ.