ಅಪ್ಪನ ಕಾಲಿನ ಎರಡನೆಯ ಚಿತ್ರ

ಥಾಣೆ ನಗರದ ಆಸ್ಪತ್ರೆಯ ಸರ್ಜನ್ ಏನನ್ನೂ ಮುಚ್ಚಿಡಲಿಲ್ಲ. ಅಪ್ಪನ ಬಲ ಹಿಮ್ಮಡಿಯ ಹುಣ್ಣು ಮಾಯುತ್ತಿಲ್ಲ, ಅಲ್ಲಿಗೆ ರಕ್ತವೇ ತಲುಪುತ್ತಿಲ್ಲ. ಮೊಣಕಾಲಿನ ಕೆಳಗೆ ಒಂದಾದರೂ ರಕ್ತನಾಳ ಪಾದದವರೆಗೆ ತೆರೆದಿದ್ದರೆ ಬೈಪಾಸ್ ಮಾಡಿ ಕಾಲು ಉಳಿಸಬಹುದು, ಇಲ್ಲದಿದ್ದರೆ ಕತ್ತರಿಸಬೇಕು. ಸಕ್ಕರೆ ಕಾಯಿಲೆಗೆ ಕಿಡ್ನಿಯೂ ಸೋತಿದ್ದರಿಂದ ನಾಳ ತೋರಿಸುವ ಔಷಧಿ ಚುಚ್ಚುವಂತಿರಲಿಲ್ಲ. ಔಷಧಿಯಿಲ್ಲದೆಯೇ ತೋರಿಸುವ ಹೊಸ ಬಗೆಯ ಎಂಆರ್‌ಐ ನವಿ ಮುಂಬೈಯಲ್ಲಿದೆ ಎಂದು ಅವರೇ ಕಳಿಸಿದರು. ಡೊಂಬಿವಲಿಯ ನಮ್ಮ ಮನೆಯಿಂದ ಟ್ಯಾಕ್ಸಿಯಲ್ಲಿ ಹೋಗುವಾಗ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಹೃದಯ ರಕ್ತ ತಳ್ಳಿದಾಗ ಆ ಯಂತ್ರ ಒಂದು ಚಿತ್ರ ತೆಗೆಯುತ್ತದೆ, ಸುಮ್ಮನಿದ್ದಾಗ ಇನ್ನೊಂದು. ಒಂದರಿಂದ ಇನ್ನೊಂದನ್ನು ಕಳೆದರೆ ಎಲುಬು, ಮಾಂಸ ಎಲ್ಲ ಅಳಿಸಿಹೋಗಿ ರಕ್ತದ ದಾರಿ ಮಾತ್ರ ಬಿಳಿ ಗೆರೆಯಾಗಿ ಉಳಿಯುತ್ತದೆ. ಕಾಲು ಕೂದಲೆಳೆಯಷ್ಟೂ ಅಲುಗಬಾರದು. ಅಪ್ಪನ ಕಾಲು ಅಲುಗಿತು. ಮೊಣಕಾಲಿನ ಕೆಳಗೆ ಬರೀ ಮಬ್ಬು.

ಗಾಜಿನಾಚೆಯಿಂದ ನಾನು ನೋಡುತ್ತಲೇ ಇದ್ದೆ. ನೌಕರಿಯಲ್ಲಿದ್ದಷ್ಟು ಕಾಲ ಅಪ್ಪ ಬೆಳಗಿನ ಲೋಕಲ್ ರೈಲಿನ ಭಜನಾ ಮಂಡಳಿಯವನು. ಮುಂಬ್ರಾ ನಿಲ್ದಾಣ ದಾಟುವಷ್ಟರಲ್ಲಿ ಅಭಂಗ ರಂಗೇರುತ್ತಿತ್ತು. ಆ ಗದ್ದಲದಲ್ಲಿ ಕೈಯೆತ್ತಲು ಜಾಗವಿಲ್ಲ. ಅವನ ತಾಳವೆಲ್ಲ ಬಲಗಾಲಿನದು. ಈ ಯಂತ್ರವೋ ಅವನ ನಾಡಿಗೇ ಹೊಂದಿಸಿಕೊಂಡು ಟಕಟಕ ಬಡಿಯುತ್ತಿತ್ತು. ಕಾಲು ಸುಮ್ಮನಿರುತ್ತದೆಯೇ?

"ಕಾಕಾ, ಪಾಯ್ ಹಲವೂ ನಕಾ," ಕಾಲು ಅಲ್ಲಾಡಿಸಬೇಡಿ ಎಂದು ತಂತ್ರಜ್ಞ ಮೈಕಿನಲ್ಲಿ ಮರಾಠಿಯಲ್ಲಿ ಬೇಡಿಕೊಂಡ.

"ನಾ ಎಲ್ಲಿ ಅಳ್ಳಾಡಿಸೇನಿ?" ಎಂದ ಅಪ್ಪ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಬಳೆ, ಸರ ತೆಗೆದಿಟ್ಟು ಒಳಗೆ ಹೋದೆ. "ಅಪ್ಪಾ, ಇದು ಲೋಕಲ್ ಗಾಡಿ ಅಲ್ಲ. ತಾಳ ಹಾಕಬ್ಯಾಡ. ಕಾಲು ಹೋಗ್ತದ."

ಅವನ ಮುಖ ಸಪ್ಪಗಾಯಿತು. "ಆತು ಬಿಡವಾ," ಎಂದ.

ತಂತ್ರಜ್ಞ ಕಾಲಿನ ಸುತ್ತ ಮೆತ್ತೆ ತುರುಕಿ ಪಟ್ಟಿ ಬಿಗಿದ. ಮತ್ತೆ ಟಕಟಕ ಶುರುವಾಯಿತು. ನಾನು ಪರದೆಯ ಮೇಲಿನ ಮೊದಲ ಚಿತ್ರವನ್ನೇ ನೋಡುತ್ತ ಕೂತೆ. ಆ ಮಬ್ಬಿನಲ್ಲಿ ಪಾದದ ಕಡೆಗೆ ಒಂದು ಗೆರೆ ಇಳಿದಂತಿತ್ತು. ಇದೆ, ಇದ್ದೇ ಇದೆ ಎಂದುಕೊಂಡೆ. ಮಬ್ಬು ಇರುವವರೆಗೆ ಅಪ್ಪನಿಗೆ ಎರಡು ಕಾಲಿದ್ದವು.

ಎರಡನೆಯ ಚಿತ್ರ ಸ್ವಚ್ಛವಾಗಿ ಬಂತು. ತೊಡೆಯಿಂದ ಇಳಿದ ಗೆರೆ ಮೊಣಕಾಲು ದಾಟಿ ಮೂರಾಗಿ, ಮೀನಖಂಡದ ನಡುವೆ ಮೂರೂ ನಿಂತುಬಿಟ್ಟಿದ್ದವು. ಕೆಳಗೆ ಕಪ್ಪು. ಅದನ್ನು ಕಳಿಸಿದೊಡನೆ ಸರ್ಜನ್ ತಮ್ಮ ಫೋನಿನಲ್ಲೇ ನೋಡಿ, ಇನ್ನು ತಡ ಮಾಡಬೇಡಿ, ಕತ್ತರಿಸುವುದೇ ದಾರಿ ಎಂದರು.

ಅಪ್ಪನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ಬೆವತು ಹೋಗಿದ್ದ, ಮುಖದಲ್ಲಿ ಮಾತ್ರ ಗೆದ್ದ ಕಳೆ.

"ಈ ಸಲ ಒಂಚೂರೂ ಅಳ್ಳಾಡಲಿಲ್ಲ ನೋಡು. ಚಿತ್ರ ಛಲೋ ಬಂತೋ ಇಲ್ಲೋ?"

"ಭಾಳ ಛಲೋ ಬಂದದ, ಅಪ್ಪಾ."

ಹಿಂದಿರುಗುವಾಗ ಮುಂಬ್ರಾದ ಹತ್ತಿರ ಲೋಕಲ್ ಒಂದು ಪಕ್ಕದಲ್ಲೇ ಹೋಯಿತು. ಅಪ್ಪನ ಬಲಗಾಲು ತಾಳ ಹಾಕತೊಡಗಿತು. ಅವನಿಗೆ ಥಟ್ಟನೆ ನೆನಪಾಗಿ, ಕೈಯಿಂದ ಮೊಣಕಾಲನ್ನು ಅದುಮಿ ಹಿಡಿದ.

"ಹಾಕಪ್ಪಾ," ಎಂದೆ. "ಈಗ ಹಾಕಿದ್ರ ನಡೀತದ."