ಬೆನ್ನಿಗೆ ಹತ್ತಿದ ಮರಳು

ಮನೆ ಮನೆಗೆ ಡಿಶ್ ಕೂಡ್ರಿಸುವುದು ನನ್ನ ಕೆಲಸ. ಲಕ್ಷ್ಮೇಶ್ವರದ ಗರಡಿಮನೆಯೊಂದರಲ್ಲಿ ಡಿಶ್ ಕೂಡ್ರಿಸಿ ಒಂದೊಂದೇ ಚಾನೆಲ್ ಹಾಕಿ ನೋಡುತ್ತಿದ್ದಾಗ ಯುರೋಪಿನ ಕ್ಲಬ್ಬುಗಳ ಬೀಚ್ ಸಾಕರ್ ಫೈನಲ್ ಸಿಕ್ಕಿತು. ಮರಳಿನಲ್ಲಿ ಬರಿಗಾಲಿನ ಫುಟ್‌ಬಾಲ್ ಆಟ ಕಂಡು, ಕುಸ್ತಿ ಕಲಿಸುವ ಮುದುಕ ಉಸ್ತಾದರು, "ಇರ್ಲಿ ಬಿಡ, ತಗೀಬ್ಯಾಡ," ಎಂದು ಮುಂದೆ ಬಂದು ಕುಂತರು.

ಸ್ಕೋರು ಸಮ ಇತ್ತು, ಕೊನೆಯ ನಿಮಿಷ. ಒಬ್ಬ ಆಟಗಾರ ಅಂಗಾತ ಹಾರಿ, ತಲೆಯ ಮೇಲಿಂದ ಚೆಂಡು ಒದ್ದು, ಬೆನ್ನು ಅಡಿಯಾಗಿ ಬಿದ್ದ. ಗೋಲಾಯಿತು.

"ಸೋತ," ಎಂದರು ಉಸ್ತಾದರು.

"ಇಲ್ರೀ, ಗೆದ್ದಾನ್ರಿ."

"ಬೆನ್ನಿಗೆ ಮಣ್ಣ ಹತ್ತಿತಂದ್ರ ಮುಗೀತು. ಎಲ್ಲೀ ಗೆಲುವೋ?"

ಜೊತೆಗಾರರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಉಸ್ತಾದರು ಟಿ.ವಿ. ಕಡೆ ಬಾಗಿ, ಮೆಲ್ಲಗೆ, "ತಮ್ಮಾ, ಮೊದ್ಲ ಬೆನ್ನ ಝಾಡಿಸ್ಕೋ. ಯಾರರ ನೋಡ್ಯಾರು," ಎಂದರು.

ಅಷ್ಟರಲ್ಲಿ ಯುರೋಪೆಲ್ಲ ನೋಡಿಬಿಟ್ಟಿತ್ತು.